ಸಾಫ್ಟ್‌ವೇರ್ ಕೋರ್ಸ್‌ಗೆ ಮೊದಲು ಒಂದು ಪಿನ್: ಪ್ರೊಡಕ್ಷನ್ ಎಂಜಿನಿಯರ್ ಆಗುವವರಿಗೆ ಕಲಿಕೆಯ ದಾರಿ

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಕೊನೆಯ ಸೆಮಿಸ್ಟರ್ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಯಾವ ಸಾಫ್ಟ್‌ವೇರ್ ಕೋರ್ಸ್ ಮಾಡ್ಲಿ?" ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್) ಮಾಡಿದವರಿರುತ್ತಾರೆ, ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮೆಷಿನ್) ಮಾಡಿದವರಿರುತ್ತಾರೆ. ಫೈಲಿನ ತುಂಬ ಸರ್ಟಿಫಿಕೇಟ್. ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ಮೇಜಿನ ಮೇಲೆ ಒಂದು ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಸಾಧನ) ಇಟ್ಟು "ಇದನ್ನ ಓದಿ ನೋಡೋಣ" ಅಂದರೆ ಮಾತ್ರ ಕೈ ನಡುಗುತ್ತದೆ.

ಪ್ರೊಡಕ್ಷನ್ ಎಂಜಿನಿಯರ್ ಕೆಲಸ ಏನು ಅನ್ನುವುದನ್ನು ಮೊದಲು ನೋಡೋಣ. ಡಿಸೈನ್ ಮಾಡುವವರು ಒಂದು ವಸ್ತು ಹೇಗಿರಬೇಕು ಅಂತ ಡ್ರಾಯಿಂಗ್ ಕೊಡುತ್ತಾರೆ. ಅದೇ ವಸ್ತುವನ್ನು ಸಾವಿರ ಸಲ, ಒಂದರಂತೆ ಇನ್ನೊಂದು ಬರುವ ಹಾಗೆ, ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮಾಡಿಸುವುದು ಪ್ರೊಡಕ್ಷನ್ ಎಂಜಿನಿಯರ್ ತಲೆನೋವು. ಯಾವ ಮೆಷಿನ್, ಯಾವ ಕೆಲಸ ಮೊದಲು, ಎಷ್ಟು ಹೊತ್ತು, ಕೆಟ್ಟರೆ ಯಾಕೆ ಕೆಟ್ಟಿತು? ಇಷ್ಟಕ್ಕೂ ಉತ್ತರ ಕೊಡಬೇಕಾದವನು ಅವನೇ.

ಇದನ್ನು ಹತ್ತು ವಿಷಯಗಳಾಗಿ ಬಿಡಿಬಿಡಿಯಾಗಿ ಕಲಿತರೆ ತಲೆಯಲ್ಲಿ ನಿಲ್ಲುವುದಿಲ್ಲ. ನನ್ನ ಸಲಹೆ ಇಷ್ಟೇ. ಒಂದೇ ಒಂದು ಸಣ್ಣ ಜಾಬ್ ಹಿಡಿದುಕೊಳ್ಳಿ, ಮೊದಲಿಂದ ಕೊನೆಯವರೆಗೂ ಅದರ ಜೊತೆಗೇ ಹೋಗಿ. ಇಲ್ಲಿ ಟ್ರಾಕ್ಟರ್ ಟ್ರೈಲರ್‌ಗೆ ಹಾಕುವಂಥ ಒಂದು ಪಿನ್ ತೆಗೆದುಕೊಂಡಿದ್ದೇನೆ. ದಪ್ಪ 25 ಮಿ.ಮೀ., ಉದ್ದ 150 ಮಿ.ಮೀ., ಲೋಹ ಇಎನ್8 ಅನ್ನುವ ಜಾತಿಯ ಉಕ್ಕು. ನಮ್ಮ ಕಡೆ ಟ್ರೈಲರ್‌ಗೇನು ಬರ ಇಲ್ಲ. ಯಾವ ಲೇತ್ ಅಂಗಡಿಗೆ ಹೋದರೂ ಇಂಥ ಪಿನ್ ಮಾಡಿದವರು ಸಿಗುತ್ತಾರೆ.

1. ಡ್ರಾಯಿಂಗ್ ಓದುವುದು

ಪೇಪರ್, ಪೆನ್ಸಿಲ್ ತೆಗೆದುಕೊಂಡು ಪಿನ್‌ನ ಡ್ರಾಯಿಂಗ್ ಕೈಯಲ್ಲೇ ಬರೆಯಿರಿ. ವಸ್ತುವಿನ ಮುಂದಿನ, ಮೇಲಿನ, ಪಕ್ಕದ ನೋಟಗಳನ್ನು ಹಾಳೆಯ ಮೇಲೆ ಜೋಡಿಸಲು ಎರಡು ಕ್ರಮ ಇವೆ, ನಮ್ಮ ದೇಶದಲ್ಲಿ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಬಳಕೆಯಲ್ಲಿದೆ. ಅಮೆರಿಕದ ಗಿರಾಕಿ ಕಳಿಸಿದ ಡ್ರಾಯಿಂಗ್ ಸಾಮಾನ್ಯವಾಗಿ ಥರ್ಡ್ ಆ್ಯಂಗಲ್‌ನಲ್ಲಿರುತ್ತದೆ. ಮೂಲೆಯಲ್ಲಿರುವ ಸಣ್ಣ ಗುರುತು ನೋಡದೆ ಓದಿದರೆ ಎಡದ ತೂತು ಬಲಕ್ಕೆ ಬಂದು ಕೂರುತ್ತದೆ.

ಗಮನ ಕೊಡಬೇಕಾದದ್ದು ಟಾಲರೆನ್ಸ್ ಮೇಲೆ. 25 ಅಂತ ಬರೆದರೆ ಸರಿಯಾಗಿ 25 ಯಾರಿಂದಲೂ ಮಾಡಲಾಗದು. ಎಷ್ಟು ಹೆಚ್ಚುಕಡಿಮೆ ಆದರೆ ನಡೆಯುತ್ತದೆ ಅನ್ನುವುದೇ ಟಾಲರೆನ್ಸ್. 25 ಮಿ.ಮೀ. ಪಿನ್‌ಗೆ ಸಣ್ಣಕ್ಷರದ ಎಚ್9 ಅಂತ ಕೊಟ್ಟಿದ್ದರೆ 25.000ದಿಂದ 24.948ರವರೆಗೆ ಎಲ್ಲವೂ ಪಾಸ್. ಅದೇ ಎಚ್6 ಅಂದರೆ 25.000ದಿಂದ 24.987ರೊಳಗೇ ಇರಬೇಕು. ಮೊದಲನೆಯದನ್ನು ಒಳ್ಳೆ ಲೇತ್ ಮಾಡಿಕೊಡುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಗ್ರೈಂಡಿಂಗ್ ಬೇಕು. ಅಂದರೆ ಇನ್ನೊಂದು ಮೆಷಿನ್, ಇನ್ನೊಬ್ಬ ಆಪರೇಟರ್, ಇನ್ನೊಂದಿಷ್ಟು ದುಡ್ಡು. ಡ್ರಾಯಿಂಗ್‌ನಲ್ಲಿ ಒಂದು ಅಂಕಿ ಬದಲಾದರೆ ಕಾರ್ಖಾನೆಯಲ್ಲಿ ದಾರಿಯೇ ಬದಲಾಗುತ್ತದೆ.

ಟ್ರೈಲರ್ ಪಿನ್‌ಗೆ ಎಚ್6 ಯಾಕೆ ಬೇಕು ಅಂತ ಕೇಳುವ ಧೈರ್ಯ ಬೆಳೆಸಿಕೊಳ್ಳಿ. ಬಹಳ ಸಲ ಹಳೆ ಡ್ರಾಯಿಂಗ್‌ನಿಂದ ಕಾಪಿ ಹೊಡೆದಿದ್ದೇ ಕಾರಣವಾಗಿರುತ್ತದೆ.

2. ಅಳತೆ: ಇಲ್ಲಿ ಆತುರ ಬೇಡ

ಈ ಹೆಜ್ಜೆಗೆ ಬೇರೆಲ್ಲದಕ್ಕಿಂತ ಜಾಸ್ತಿ ಸಮಯ ಕೊಡಿ. ಬೇಕಾದವು ಸ್ಟೀಲ್ ಸ್ಕೇಲ್, 0.02 ಮಿ.ಮೀ. ಓದುವ ವರ್ನಿಯರ್ ಕ್ಯಾಲಿಪರ್, 0.01 ಮಿ.ಮೀ. ಓದುವ ಮೈಕ್ರೋಮೀಟರ್, ಒಂದು ಡಯಲ್ ಗೇಜ್. ಎಲ್ಲವನ್ನೂ ಕೊಳ್ಳಬೇಕಿಲ್ಲ, ಕಾಲೇಜಿನ ಮೆಟ್ರಾಲಜಿ ಲ್ಯಾಬ್‌ನಲ್ಲಿ ಇದ್ದೇ ಇರುತ್ತವೆ. ಸ್ವಂತಕ್ಕೆ ಒಂದು ವರ್ನಿಯರ್ ಇಟ್ಟುಕೊಂಡರೆ ಒಳ್ಳೆಯದು. ಡಿಜಿಟಲ್ ಬೇಡ, ಗೆರೆ ನೋಡಿ ಓದುವಂಥದ್ದೇ ಇರಲಿ. ಗೆರೆ ಓದಲು ಬಂದವರಿಗೆ ಡಿಜಿಟಲ್ ತಾನಾಗಿಯೇ ಬರುತ್ತದೆ, ಡಿಜಿಟಲ್ ಬಂದವರಿಗೆ ಗೆರೆ ಹಾಗೆ ಬರುವುದಿಲ್ಲ.

ಅಳೆಯುವ ಮೊದಲು ಪಿನ್ ಒರೆಸಿ, ಅಂಚಿನಲ್ಲಿ ಎದ್ದು ನಿಂತ ಚೂಪು ಲೋಹ, ಅಂದರೆ ಬರ್, ತೆಗೆಯಿರಿ. ಮೈಕ್ರೋಮೀಟರ್ ಪೂರ್ತಿ ಮುಚ್ಚಿ ಸೊನ್ನೆ ಬರುತ್ತಾ ನೋಡಿ. ಬರದಿದ್ದರೆ ಎಷ್ಟು ಆಚೀಚೆ ಇದೆ ಅಂತ ಬರೆದಿಟ್ಟುಕೊಂಡು ಪ್ರತಿ ಅಳತೆಯಲ್ಲೂ ಅಷ್ಟನ್ನು ಸರಿಪಡಿಸಿ. ಬಿಗಿ ಮಾಡುವಾಗ ಹಿಂದಿನ ರ್‍ಯಾಚೆಟ್ ತಿರುಗಿಸಿ, ದೊಡ್ಡ ತಿರುಗಣಿ ಹಿಡಿದು ಜೋರು ಮಾಡಬೇಡಿ. ಪಿನ್ ಅನ್ನು ಒಂದೇ ಕಡೆ ಅಳೆದು ಬಿಡಬೇಡಿ. ಎರಡೂ ತುದಿ, ನಡು, ಆಮೇಲೆ 90 ಡಿಗ್ರಿ ತಿರುಗಿಸಿ ಮತ್ತೆ ಮೂರು ಕಡೆ. ಒಂದು ತುದಿ ದಪ್ಪ ಇನ್ನೊಂದು ಸಣ್ಣ ಇದ್ದರೆ ಟೇಪರ್ ಬಂದಿದೆ. ತಿರುಗಿಸಿದಾಗ ಅಳತೆ ಬದಲಾದರೆ ಪಿನ್ ಗುಂಡಗಿಲ್ಲ.

ಇನ್ನು ಬಿಸಿಯ ವಿಷಯ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ನಮ್ಮ ಊರಲ್ಲಿ ಅದು ಅಷ್ಟು ಸಣ್ಣ ವಿಷಯವಲ್ಲ. ಉದ್ದಳತೆಗೆ ಇಡೀ ಜಗತ್ತು ಒಪ್ಪಿಕೊಂಡಿರುವ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ದಾವಣಗೆರೆಯ ತಗಡಿನ ಶೆಡ್ಡಿನೊಳಗೆ 20 ಡಿಗ್ರಿ ಎಲ್ಲಿಂದ ಬರಬೇಕು? ಪಿನ್ ಮತ್ತು ಮೈಕ್ರೋಮೀಟರ್ ಎರಡೂ ಉಕ್ಕಿನವು, ಎರಡೂ ಒಂದೇ ಬಿಸಿಯಲ್ಲಿದ್ದರೆ ದೊಡ್ಡ ತೊಂದರೆ ಇಲ್ಲ. ತೊಂದರೆ ಬರುವುದು ಈಗಷ್ಟೇ ಲೇತ್‌ನಿಂದ ಇಳಿದ ಪಿನ್ ಅಳೆದಾಗ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ಹಿಗ್ಗುತ್ತದೆ. 60 ಡಿಗ್ರಿ ಬಿಸಿಯಿರುವ 25 ಮಿ.ಮೀ. ಪಿನ್ 30 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 0.009 ಮಿ.ಮೀ. ಸಣ್ಣದಾಗಿರುತ್ತದೆ. ಎಚ್6ಗೆ ನಮಗಿದ್ದ ಒಟ್ಟು ಜಾಗವೇ 0.013. ಬಿಸಿಯಲ್ಲಿ ಪಾಸ್ ಆದ ಪಿನ್ ಮಾರನೇ ದಿನ ಗಿರಾಕಿಯ ಬಾಗಿಲಲ್ಲಿ ಫೇಲ್ ಆಗುವುದು ಹೀಗೆ.

ಅಳತೆಗೆ ಯಾವ ಸಾಧನ ಸಾಕು ಅನ್ನುವುದಕ್ಕೆ ಹಳೆಯ ಒಂದು ಲೆಕ್ಕ ಇದೆ. ಟಾಲರೆನ್ಸ್‌ನ ಹತ್ತನೇ ಒಂದು ಭಾಗದಷ್ಟನ್ನು ಸಾಧನ ಓದಬೇಕು. ಹತ್ತು ಆಗದಿದ್ದರೆ ಐದನೇ ಒಂದು ಭಾಗ. 0.052 ಇರುವ ಕಡೆ 0.01ರ ಮೈಕ್ರೋಮೀಟರ್ ಹೇಗೋ ನಡೆಯುತ್ತದೆ, ವರ್ನಿಯರ್ ನಡೆಯುವುದಿಲ್ಲ. 0.013 ಇದ್ದರೆ ಮೈಕ್ರಾನ್ ಓದುವ ಸಾಧನವೇ ಬೇಕು.

ಇಬ್ಬರು ಗೆಳೆಯರನ್ನು ಕರೆದು ಹತ್ತು ಪಿನ್‌ಗೆ ನಂಬರ್ ಹಾಕಿ. ಮೂವರೂ ಬೇರೆಬೇರೆಯಾಗಿ ಎರಡೆರಡು ಸಲ ಅಳೆಯಿರಿ. ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ಕೊನೆಗೆ ಹೋಲಿಸಿ ನೋಡಿ, ಪಿನ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಅಳೆದವರ ನಡುವಿನ ವ್ಯತ್ಯಾಸವೇ ದೊಡ್ಡದಿರಬಹುದು. ಕಾರ್ಖಾನೆಯಲ್ಲಿ ಇದನ್ನೇ ಗೇಜ್ ಆರ್ ಆ್ಯಂಡ್ ಆರ್ ಅನ್ನುತ್ತಾರೆ.

3. ಲೇತ್ ಮುಂದೆ ನಿಲ್ಲುವುದು

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿತು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೂ ಎಷ್ಟೋ ಐಟಿಐ, ಕಾಲೇಜು, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಆ ಲೇತ್‌ಗಳು ಇನ್ನೂ ತಿರುಗುತ್ತಿವೆ. ನಿಮ್ಮ ಬೀದಿಯಲ್ಲೇ ಅಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದಾರಾ ವಿಚಾರಿಸಿ. ಅಂಥವರ ಜೊತೆ ಒಂದು ಸಂಜೆ ಕೂತು ಕೇಳಿದ್ದು ಒಂದು ಸೆಮಿಸ್ಟರ್ ನೋಟ್ಸ್‌ಗಿಂತ ಜಾಸ್ತಿ.

ಮೆಷಿನ್ ಮುಟ್ಟುವ ಮೊದಲು ಸುರಕ್ಷತೆ. ತಿರುಗುವ ಮೆಷಿನ್ ಹತ್ತಿರ ಕೈಗವಸು ಹಾಕಬಾರದು, ಚಕ್ (ಸರಳನ್ನು ಹಿಡಿದು ತಿರುಗಿಸುವ ಭಾಗ) ಅದನ್ನು ಎಳೆದರೆ ಕೈಯೂ ಒಳಗೆ ಹೋಗುತ್ತದೆ. ತೋಳು ಮಡಚಿ, ವೇಲ್ ತೆಗೆದಿಡಿ, ಕೂದಲು ಕಟ್ಟಿ, ಉಂಗುರ, ವಾಚ್ ತೆಗೆಯಿರಿ. ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಸುರುಳಿ ಚಿಪ್ಸ್‌ಗೆ ಕೊಕ್ಕೆ ಬಳಸಿ, ಬೆರಳಲ್ಲ. ಕನ್ನಡಕ, ಶೂ ಇಲ್ಲದೆ ಒಳಗೆ ಹೋಗಲೇಬೇಡಿ.

ಈಗ ವೇಗದ ಲೆಕ್ಕ. ಉಕ್ಕನ್ನು ಕಾರ್ಬೈಡ್ ಟೂಲ್‌ನಲ್ಲಿ ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಕತ್ತರಿಸುತ್ತೀರಿ ಅಂದುಕೊಳ್ಳಿ. ವೇಗವನ್ನು 1000ದಿಂದ ಗುಣಿಸಿ, 3.14 ಮತ್ತು ಸರಳಿನ ದಪ್ಪದಿಂದ ಭಾಗಿಸಿದರೆ ಆರ್‌ಪಿಎಂ ಬರುತ್ತದೆ. ನಮ್ಮ ಸರಳು 28 ಮಿ.ಮೀ. ಇದ್ದರೆ ಸುಮಾರು 1137. ಒಂದು ಸುತ್ತಿಗೆ 0.2 ಮಿ.ಮೀ. ಫೀಡ್ ಕೊಟ್ಟರೆ, ಅಂದರೆ ಟೂಲ್ ಅಷ್ಟು ಮುಂದೆ ಸರಿದರೆ, 150 ಮಿ.ಮೀ. ಉದ್ದ ಕತ್ತರಿಸಲು ಸುಮಾರು 40 ಸೆಕೆಂಡ್. ಅದೇ ಹೈ ಸ್ಪೀಡ್ ಸ್ಟೀಲ್ ಟೂಲ್‌ನಲ್ಲಿ 30 ಮೀಟರ್ ವೇಗ ಅಂದರೆ 341 ಆರ್‌ಪಿಎಂ, 2 ನಿಮಿಷ 12 ಸೆಕೆಂಡ್. ಹಳೆ ಲೇತ್‌ನ ಗೇರ್‌ನಲ್ಲಿ 1137 ಅನ್ನುವ ವೇಗವೇ ಇರುವುದಿಲ್ಲ. ಇರುವುದರಲ್ಲಿ ಅದಕ್ಕಿಂತ ಕೆಳಗಿನದನ್ನು ಹಾಕಿ. ಲೆಕ್ಕ ಬಂದಿದೆ ಅಂತ ಮೆಷಿನ್ ಜೊತೆ ಜಗಳ ಬೇಡ.

ಒಂದು ಪಿನ್ ಆದರೂ ನಿಮ್ಮ ಕೈಯಿಂದಲೇ ಆಗಲಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ.

4. ಸ್ಟಾಪ್‌ವಾಚ್ ಹಿಡಿಯುವುದು

ನನ್ನನ್ನು ಕೇಳಿದರೆ ಪ್ರೊಡಕ್ಷನ್ ಎಂಜಿನಿಯರ್‌ಗೆ ಇದಕ್ಕಿಂತ ಹತ್ತಿರದ ಸಾಧನ ಇನ್ನೊಂದಿಲ್ಲ. ಮೊಬೈಲ್‌ನಲ್ಲೇ ಇದೆ, ಖರ್ಚೂ ಇಲ್ಲ.

ಆದರೆ ಸುಮ್ನೆ ಹೋಗಿ ಆಪರೇಟರ್ ಮುಂದೆ ಮೊಬೈಲ್ ಹಿಡಿದು ನಿಲ್ಲಬೇಡಿ. ಟೈಮ್ ನೋಡುವವರು ಬಂದರು ಅಂದರೆ ಟಾರ್ಗೆಟ್ ಏರಿಸೋಕೆ ಬಂದರು ಅಂತಲೇ ಕೆಲಸಗಾರರಿಗೆ ಅನುಭವ. ಮೊದಲು ಹೇಳಿ: "ಅಣ್ಣಾ, ಕಾಲೇಜಿನ ಕೆಲಸಕ್ಕೆ ಈ ಪಿನ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರ್ಕೋಬೇಕು. ನಿಮ್ಮ ಹೆಸರು ಎಲ್ಲೂ ಬರೆಯಲ್ಲ." "ಬರ್ಕೋ ತಮ್ಮಾ, ಆದ್ರೆ ಆ ಸರಳು ತರೋಕೆ ನಾನೇ ಗೋಡೌನ್‌ಗೆ ಹೋಗ್ತೀನಲ್ಲ, ಅದನ್ನೂ ಬರಿ" ಅಂತ ಉತ್ತರ ಬಂದರೆ ಅರ್ಧ ಕೆಲಸ ಆದಂತೆಯೇ. ಎಲ್ಲಿ ಸಮಯ ಹಾಳಾಗುತ್ತಿದೆ ಅಂತ ಅವರೇ ತೋರಿಸಿಕೊಟ್ಟರು ನೋಡಿ.

ಕೆಲಸವನ್ನು ತುಂಡು ಮಾಡಿ ಬರೆಯಿರಿ: ಸರಳು ಕಟ್ಟುವುದು, ಫೇಸಿಂಗ್ (ತುದಿ ಸಪಾಟು ಮಾಡುವುದು), ಟರ್ನಿಂಗ್ (ದಪ್ಪ ಇಳಿಸುವುದು), ಚಾಂಫರ್ (ಅಂಚು ಓರೆ ಮಾಡುವುದು), ಕತ್ತರಿಸಿ ತೆಗೆಯುವುದು, ಅಳೆಯುವುದು, ಚಿಪ್ಸ್ ಗುಡಿಸುವುದು. ಒಂದೊಂದಕ್ಕೂ ಹತ್ತು ಸಲದ ಸಮಯ ತೆಗೆದು ಸರಾಸರಿ ಮಾಡಿ. ಒಟ್ಟು 200 ಸೆಕೆಂಡ್ ಬಂತು ಅಂದುಕೊಳ್ಳಿ. ಆ ಅಣ್ಣ ಸಾಮಾನ್ಯಕ್ಕಿಂತ ಸ್ವಲ್ಪ ಚುರುಕು, ಸಾಮಾನ್ಯ ವೇಗ 100 ಅಂತ ಇಟ್ಟು ಅವರಿಗೆ 110 ರೇಟಿಂಗ್ ಕೊಟ್ಟಿರಿ. ಆಗ ಸಾಮಾನ್ಯ ಕೆಲಸಗಾರನಿಗೆ 220 ಸೆಕೆಂಡ್. ದಣಿವು, ನೀರು ಕುಡಿಯುವುದು ಇಂಥದ್ದಕ್ಕೆ 10 ಶೇಕಡಾ ಸೇರಿಸಿದರೆ 242. ಇದು ಸ್ಟ್ಯಾಂಡರ್ಡ್ ಟೈಮ್. ಚುರುಕಾದವರ 200 ಸೆಕೆಂಡನ್ನೇ ಎಲ್ಲರ ಮೇಲೂ ಹೇರಿದರೆ ತಿಂಗಳೊಳಗೆ ಜಗಳ, ಜೊತೆಗೆ ರಿಜೆಕ್ಷನ್.

ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ. ಗಿರಾಕಿಗೆ ದಿನಕ್ಕೆ 200 ಪಿನ್ ಬೇಕು. ಎಂಟು ಗಂಟೆ ಶಿಫ್ಟ್ ಅಂದರೆ 480 ನಿಮಿಷ. ಊಟಕ್ಕೆ 30, ಎರಡು ಟೀಗೆ 20 ಕಳೆದರೆ 430 ನಿಮಿಷ, ಅಂದರೆ 25,800 ಸೆಕೆಂಡ್. 200ರಿಂದ ಭಾಗಿಸಿದರೆ 129. ಪ್ರತಿ 129 ಸೆಕೆಂಡಿಗೆ ಒಂದು ಪಿನ್ ಹೊರಬರಬೇಕು. ಇದು ಟ್ಯಾಕ್ಟ್ ಟೈಮ್. ನಮ್ಮ ಪಿನ್‌ಗೆ 242 ಹಿಡಿಯುತ್ತದೆ. ಒಂದು ಲೇತ್‌ನಿಂದ ಆಗುವ ಮಾತಲ್ಲ, ಎರಡು ಬೇಕು. ಇಲ್ಲವೇ ಕತ್ತರಿಸುವ ಹೊತ್ತಿಗಿಂತ ಕಟ್ಟುವ, ಹುಡುಕುವ, ಕಾಯುವ ಹೊತ್ತು ಎಲ್ಲಿ ಉಳಿಯುತ್ತದೆ ನೋಡಬೇಕು. ಟರ್ನಿಂಗ್ ಬರೀ 40 ಸೆಕೆಂಡ್ ಅಂತ ಆಗಲೇ ಲೆಕ್ಕ ಹಾಕಿದ್ದೆವಲ್ವಾ? ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು ಅಂತ ಈ ಚೀಟಿಯೇ ಹೇಳುತ್ತದೆ.

ವರ್ಕ್‌ಶಾಪ್‌ಗೆ ಒಳಗೆ ಬಿಡದಿದ್ದರೆ ಬೆಣ್ಣೆ ದೋಸೆ ಹೋಟೆಲ್‌ಗೆ ಹೋಗಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಜನ ನಿಂತಿರುವಾಗ ಒಂದು ಮೂಲೆಯಲ್ಲಿ ಕೂತು ಬರೆದುಕೊಳ್ಳಿ. ಕಾವಲಿಯ ಮೇಲೆ ಒಂದು ಸಲಕ್ಕೆ 8 ದೋಸೆ, ಒಂದು ಸುತ್ತಿಗೆ 6 ನಿಮಿಷ ಹಿಡಿಯಿತು ಅಂದುಕೊಳ್ಳಿ. ಗಂಟೆಗೆ 80 ದೋಸೆ. ಬಡಿಸುವ ಹುಡುಗ 150 ಕೊಡಬಲ್ಲ, ಗಲ್ಲದವರು 300 ಬಿಲ್ ಮಾಡಬಲ್ಲರು. ಆದರೂ ಹೊರಗೆ ಹೋಗುವುದು 80ರ ಮೇಲೆ ಒಂದೂ ಇಲ್ಲ. ಇನ್ನಿಬ್ಬರು ಸಪ್ಲೈಯರ್ ಇಟ್ಟರೆ ಸಂಬಳ ದಂಡ. ಇದು ಬಾಟಲ್‌ನೆಕ್. ಕಾರ್ಖಾನೆಗಳಲ್ಲೂ ದುಡ್ಡು ಹಾಕುವುದು ಬಹಳ ಸಲ ತಪ್ಪು ಜಾಗಕ್ಕೇ.

5. ಸರಕು ಹರಿಯುವ ದಾರಿ

ಒಂದು ವಸ್ತು ಗೋಡೌನ್‌ನಿಂದ ಲಾರಿಯವರೆಗೆ ಹೋಗುವ ದಾರಿ ಬರೆಯಲು ಐದು ಗುರುತು ಸಾಕು. ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ಕಾಯುವುದಕ್ಕೆ ಇಂಗ್ಲಿಷ್‌ನ ಡಿ ಅಕ್ಷರ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ.

ದಾವಣಗೆರೆಯವರಿಗೆ ಇದನ್ನು ಕಲಿಯಲು ಮಂಡಕ್ಕಿ ಭಟ್ಟಿಗಿಂತ ಒಳ್ಳೆ ಜಾಗ ಇಲ್ಲ. ಭತ್ತ ನೆನೆಸುವುದು, ಬೇಯಿಸಿ ಒಣಗಿಸುವುದು, ಸಿಪ್ಪೆ ತೆಗೆದು ಅಕ್ಕಿ ಮಾಡುವುದು, ಉಪ್ಪು ನೀರು ಹಾಕುವುದು, ಕಾದ ಮರಳಲ್ಲಿ ಹುರಿಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ಯಜಮಾನರನ್ನು ಕೇಳಿ ಒಂದು ದಿನ ನಿಂತು ನೋಡಿ. ಹುರಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ನೆನೆಯುವುದು, ಒಣಗುವುದು ಗಂಟೆಗಟ್ಟಲೆ. ಮಳೆಗಾಲದಲ್ಲಿ ಒಣಗುವ ಹೊತ್ತು ಇನ್ನೂ ಉದ್ದವಾದರೆ ಮುಂದಿನ ಒಲೆ ಖಾಲಿ ಕೂರುತ್ತದೆ. ಚಳ್ಳಕೆರೆ ಕಡೆಯವರಿಗೆ ಎಣ್ಣೆ ಮಿಲ್ ಇದೆ, ಶೇಂಗಾ ಬಂದು ಎಣ್ಣೆ, ಹಿಂಡಿ ಆಗಿ ಹೋಗುವ ದಾರಿಯನ್ನೂ ಹೀಗೇ ಬರೆಯಬಹುದು.

ಇದೇ ಕಣ್ಣಲ್ಲಿ ಪಿನ್‌ನ ದಾರಿ ಬರೆಯಿರಿ. ಬಾಣ ಮತ್ತು ಡಿ ಗುರುತುಗಳೇ ವೃತ್ತಗಳಿಗಿಂತ ಜಾಸ್ತಿ ಬಂದರೆ ಆಶ್ಚರ್ಯಪಡಬೇಡಿ.

6. ಎಕ್ಸೆಲ್ ಮತ್ತು ಕೆಟ್ಟ ಪಿನ್‌ಗಳು

ಎಕ್ಸೆಲ್ ಬರುತ್ತೆ ಅಂತ ಎಲ್ಲರೂ ರೆಸ್ಯೂಮೆಯಲ್ಲಿ ಬರೆಯುತ್ತಾರೆ. ಬೇಕಾದದ್ದು ಸ್ವಲ್ಪವೇ: ಸಾಲು ಕಂಬ ಸರಿಯಾಗಿ ಹಾಕುವುದು, ಫಿಲ್ಟರ್, ಪಿವೊಟ್ ಟೇಬಲ್, ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಒಂದೆರಡು ಚಾರ್ಟ್. ದುಡ್ಡಿಲ್ಲದೆ ಲಿಬ್ರೆಆಫೀಸ್‌ನಲ್ಲೂ ಇಷ್ಟು ಮಾಡಬಹುದು.

ತಿಂಗಳಿಗೆ 60 ಪಿನ್ ರಿಜೆಕ್ಟ್ ಆದವು ಅಂದುಕೊಳ್ಳೋಣ. ದಪ್ಪ ಕಡಿಮೆಯಾದವು 31, ಪೆಟ್ಟುಬಿದ್ದವು 14, ಉದ್ದ ತಪ್ಪಿದವು 9, ಚಾಂಫರ್ ಬಿಟ್ಟುಹೋದವು 6. ದೊಡ್ಡದರಿಂದ ಸಣ್ಣದಕ್ಕೆ ಕಂಬ ಹಾಕಿದರೆ ಅದು ಪ್ಯಾರೆಟೋ ಚಾರ್ಟ್. ಮೊದಲ ಎರಡು ಕಂಬದಲ್ಲೇ 45 ಪಿನ್, ಮುಕ್ಕಾಲು ಭಾಗ. ಚಾಂಫರ್ ಬಗ್ಗೆ ಮೀಟಿಂಗ್ ಮಾಡುತ್ತಾ ಕೂರಬೇಡಿ, ದಪ್ಪದ ವಿಷಯ ಹಿಡಿಯಿರಿ.

ಈಗ ಆ 31 ಪಿನ್‌ಗಳನ್ನು ವಿಂಗಡಿಸಿ. ಯಾವ ಮೆಷಿನ್, ಯಾವ ಶಿಫ್ಟ್, ಎಷ್ಟು ಗಂಟೆಗೆ? ಟೂಲ್‌ನ ಇನ್ಸರ್ಟ್ (ತುದಿಗೆ ಹಾಕುವ ಕತ್ತರಿಸುವ ಬಿಲ್ಲೆ) ಬದಲಾಯಿಸಿದ ತಕ್ಷಣ ಬಂದ ಪಿನ್‌ಗಳೇ ಜಾಸ್ತಿ ಅಂತ ತಿಳಿಯಿತು ಅನ್ನಿ. ಯಾಕೆ ಅಂತ ಕೇಳುತ್ತಾ ಹೋಗಿ. ಇನ್ಸರ್ಟ್ ಸವೆದಂತೆ ಪಿನ್ ದಪ್ಪವಾಗುತ್ತಾ ಬರುತ್ತದೆ. ಆಪರೇಟರ್ ಆಫ್‌ಸೆಟ್ ಕೊಟ್ಟು ಟೂಲನ್ನು ಸ್ವಲ್ಪ ಸ್ವಲ್ಪ ಒಳಗೆ ತರುತ್ತಾರೆ. ಹೊಸ ಇನ್ಸರ್ಟ್ ಹಾಕಿದಾಗ ತುದಿ ಮತ್ತೆ ಪೂರ್ತಿ ಉದ್ದ, ಆದರೆ ಹಳೆ ಆಫ್‌ಸೆಟ್ ಹಾಗೇ ಉಳಿದಿದೆ. ಪಿನ್ ಸಣ್ಣದಾಯಿತು. ಅದನ್ನು ಯಾಕೆ ತೆಗೆಯಲಿಲ್ಲ? ಇನ್ಸರ್ಟ್ ಬದಲಾಯಿಸುವಾಗ ಏನೇನು ಮಾಡಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ. ಅಲ್ಲಿಗೆ ಕೈಗೆ ಸಿಕ್ಕಿತು. "ಆಪರೇಟರ್ ಅಜಾಗರೂಕತೆ" ಅಂತ ರಿಜಿಸ್ಟರ್‌ನಲ್ಲಿ ಬರೆದು ಮುಚ್ಚಿದ್ದರೆ ಮುಂದಿನ ತಿಂಗಳೂ ಅದೇ 31. ಮೆಷಿನ್ ಪಕ್ಕ ಕನ್ನಡದಲ್ಲೇ ಒಂದು ಚೀಟಿ ಅಂಟಿಸಿ: ಇನ್ಸರ್ಟ್ ಬದಲು ಮಾಡಿದ ಮೇಲೆ ಆಫ್‌ಸೆಟ್ ಸರಿಮಾಡಿ, ಮೊದಲ ಪಿನ್ ಅಳೆದು, ಆಮೇಲೆ ಮುಂದುವರಿಸಿ.

ಪಿನ್ ಕೆಡುವ ಮೊದಲೇ ಸುಳಿವು ಸಿಗಬೇಕು ಅಂದರೆ ಕಂಟ್ರೋಲ್ ಚಾರ್ಟ್ ಇದೆ. 1924ರಲ್ಲಿ ವಾಲ್ಟರ್ ಶೂಹಾರ್ಟ್ ತೋರಿಸಿಕೊಟ್ಟದ್ದು. ಗಂಟೆಗೆ ಐದು ಪಿನ್ ಅಳೆದು ಸರಾಸರಿ ಚುಕ್ಕಿ ಇಡುತ್ತಾ ಹೋದರೆ, ಅಳತೆ ಮೆಲ್ಲಗೆ ಮೇಲಕ್ಕೆ ಏರುತ್ತಿರುವುದು ಕಣ್ಣಿಗೇ ಕಾಣುತ್ತದೆ. ಗಿರಾಕಿಗಳು ಕೇಳುವ ಸಿಪಿಕೆ ಅನ್ನುವುದೂ ಇದರ ಬಳಗವೇ, ಅಳತೆಗಳು ಟಾಲರೆನ್ಸ್‌ನೊಳಗೆ ಎಷ್ಟು ಆರಾಮಾಗಿ ಕೂರುತ್ತವೆ ಅಂತ ಹೇಳುವ ಅಂಕಿ. ಸಾಮಾನ್ಯವಾಗಿ 1.33ಕ್ಕಿಂತ ಕಡಿಮೆ ಇದ್ದರೆ ಮುಖ ಗಂಟಿಕ್ಕುತ್ತಾರೆ.

ಮೆಷಿನ್‌ನ ಸಮಯ ನಿಜವಾಗಿ ಎಷ್ಟು ಉಪಯೋಗವಾಯಿತು ಅಂತ ಹೇಳುವ ಒಇಇ ಅನ್ನುವ ಲೆಕ್ಕ ಇಂಟರ್‌ವ್ಯೂನಲ್ಲಿ ಬಂದೇ ಬರುತ್ತದೆ. 430 ನಿಮಿಷದಲ್ಲಿ ಮೆಷಿನ್ 60 ನಿಮಿಷ ನಿಂತಿತ್ತು. ಓಡಿದ್ದು 370, ಅಂದರೆ 86 ಶೇಕಡಾ. ಪಿನ್‌ಗೆ 4 ನಿಮಿಷದ ಲೆಕ್ಕದಲ್ಲಿ 84 ಪಿನ್ ಆದವು, 336 ನಿಮಿಷದ ಕೆಲಸ, 90.8 ಶೇಕಡಾ. ಒಳ್ಳೆಯವು 80, ಅಂದರೆ 95.2 ಶೇಕಡಾ. ಮೂರನ್ನೂ ಗುಣಿಸಿದರೆ 74.4. ಅಂಕಿ ಹೇಳಿ ಸುಮ್ಮನಾಗಬೇಡಿ, ಆ 60 ನಿಮಿಷ ಯಾಕೆ ನಿಂತಿತು ಅಂತ ಹೇಳಿ. ಜಾಬ್ ಬದಲಿಸುವಾಗ ಟೂಲ್ ಹುಡುಕಿದ್ದಕ್ಕೇ ನಿಂತಿದ್ದರೆ, ಮೆಷಿನ್ ಓಡುತ್ತಿರುವಾಗಲೇ ಮುಂದಿನ ಜಾಬ್‌ನ ಟೂಲ್, ಗೇಜ್, ಡ್ರಾಯಿಂಗ್ ಪಕ್ಕದಲ್ಲಿ ಜೋಡಿಸಿಡಬಹುದು. ಜಾಬ್ ಬದಲಿಸುವ ಹೊತ್ತು ಇಳಿಸಲು ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿಕೊಟ್ಟ ದಾರಿಯಲ್ಲಿ ಇದು ಮೊದಲ ಹೆಜ್ಜೆ.

7. ದುಡ್ಡಿನ ಲೆಕ್ಕ

28 ಮಿ.ಮೀ. ಸರಳಿನಿಂದ 155 ಮಿ.ಮೀ. ತುಂಡು ತೆಗೆದರೆ ತೂಕ ಸುಮಾರು 750 ಗ್ರಾಂ. ಮುಗಿದ ಪಿನ್ ಸುಮಾರು 578 ಗ್ರಾಂ. ಕೊಂಡ ಉಕ್ಕಿನಲ್ಲಿ 23 ಶೇಕಡಾ ಚಿಪ್ಸ್ ಆಗಿ ಗುಜರಿಗೆ ಹೋಯಿತು. 26 ಮಿ.ಮೀ. ಸರಳು ಸಿಗುತ್ತಾ? ಸಿಕ್ಕರೆ ಮೇಲ್ಮೈ ಸಾಕಷ್ಟು ಚೆನ್ನಾಗಿರುತ್ತಾ? ಹೀಗೆ ಕೇಳುವವರನ್ನು ಯಜಮಾನರು ಮರೆಯುವುದಿಲ್ಲ. ಮೆಷಿನ್‌ನ ಗಂಟೆ ದರ, ಸರಳಿನ ಕೆ.ಜಿ. ದರ, ಇನ್ಸರ್ಟ್‌ಗೆ ಎಷ್ಟು ಪಿನ್ ಬರುತ್ತದೆ ಅನ್ನುವುದನ್ನು ಅಂಗಡಿಯಲ್ಲೇ ಕೇಳಿ ಬರೆದುಕೊಂಡು ಒಂದು ಪಿನ್‌ನ ಖರ್ಚು ನೀವೇ ತೆಗೆಯಿರಿ.

8. ಈಗ ಕಂಪ್ಯೂಟರ್

ಇಷ್ಟಾದ ಮೇಲೆ ಕ್ಯಾಡ್ ಕಲಿತರೆ ಬೇಗ ಹಿಡಿತಕ್ಕೆ ಬರುತ್ತದೆ. ಫ್ರೀಕ್ಯಾಡ್ ಉಚಿತ, ಅದರಲ್ಲೇ ಪಿನ್ ಮತ್ತು ಕೆಲಸ ಮಾಡುವಾಗ ಅದನ್ನು ಹಿಡಿಯುವ ಸಾಧನ, ಅಂದರೆ ಫಿಕ್ಸ್ಚರ್, ಬರೆಯಿರಿ. ಸಿಎನ್‌ಸಿಗೆ ಜಿ00, ಜಿ01, ಜಿ02, ಜಿ03, ಎಂ03, ಎಂ30 ಇಂಥ, ಮೆಷಿನ್‌ಗೆ ಆಜ್ಞೆ ಕೊಡುವ ಕೆಲವೇ ಕೋಡ್‌ಗಳಿಂದ ಶುರು ಮಾಡಿ, ಪಿನ್‌ನ ಪ್ರೋಗ್ರಾಂ ಕೈಯಲ್ಲೇ ಬರೆದು ಸಿಮ್ಯುಲೇಟರ್‌ನಲ್ಲಿ ಓಡಿಸಿ. ಡ್ರಾಯಿಂಗ್‌ನಿಂದ ತಾನೇ ಪ್ರೋಗ್ರಾಂ ಮಾಡುವ ಕ್ಯಾಮ್ ಸಾಫ್ಟ್‌ವೇರ್ ಬರೆದುಕೊಟ್ಟ ಪ್ರೋಗ್ರಾಂ ಓದಲು ಬಾರದವರು ಮೆಷಿನ್ ಡಿಕ್ಕಿ ಹೊಡೆಸುತ್ತಾರೆ. ಪಿಎಲ್‌ಸಿ (ಮೆಷಿನ್‌ಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಬಗ್ಗೆ ಸೆನ್ಸರ್, ರಿಲೇ, ಸ್ಟಾರ್ಟ್ ಸ್ಟಾಪ್ ಮಾಡುವ ಲ್ಯಾಡರ್ ಪ್ರೋಗ್ರಾಂ ಇಷ್ಟು ಗೊತ್ತಿದ್ದರೆ ಮೊದಲ ವರ್ಷಕ್ಕೆ ಸಾಕು. ಪೈಥಾನ್ ಆಮೇಲೆ ನೋಡೋಣ.

9. ಮಾತು ಮತ್ತು ಬರಹ

ಶಾಪ್‌ನಲ್ಲಿ ಮಾತು ಕನ್ನಡ, ಬಿಹಾರ ಒಡಿಶಾದಿಂದ ಬಂದ ಹುಡುಗರ ಜೊತೆ ಹಿಂದಿ, ಗಿರಾಕಿಗೆ ಮೇಲ್ ಇಂಗ್ಲಿಷ್. ಮೂರರಲ್ಲೂ ವ್ಯಾಕರಣಕ್ಕಿಂತ ಸ್ಪಷ್ಟತೆ ಮುಖ್ಯ. ಶಿಫ್ಟ್ ಮುಗಿಯುವಾಗ ಐದು ಸಾಲು ಬರೆಯುವ ಅಭ್ಯಾಸ ಮಾಡಿ: ಎಷ್ಟು ಆಯಿತು, ಎಷ್ಟು ಕೆಟ್ಟಿತು, ಎಲ್ಲಿ ನಿಂತಿತು, ಏನು ಮಾಡಿದಿರಿ, ಮುಂದಿನ ಶಿಫ್ಟ್‌ನವರು ಏನು ನೋಡಬೇಕು.

ಮೂವತ್ತು ವರ್ಷ ಲೇತ್ ಹಿಡಿದ ಮೇಸ್ತ್ರಿಗೆ ಡಿಗ್ರಿ ತೋರಿಸಬೇಡಿ. ಅವರಿಗೆ ಗೊತ್ತಿರುವುದನ್ನು ಕೇಳಿ, ನಿಮಗೆ ಗೊತ್ತಿರುವ ಲೆಕ್ಕವನ್ನು ಅವರ ಕೆಲಸ ಹಗುರಾಗುವ ಹಾಗೆ ಬಳಸಿ. ಅವರು ಹೇಳಿದ ಉಪಾಯ ಫಲ ಕೊಟ್ಟರೆ ರಿಪೋರ್ಟಿನಲ್ಲಿ ಅವರ ಹೆಸರೇ ಹಾಕಿ.

10. ಎಲ್ಲಿ ಕಲಿಯುವುದು, ಎಲ್ಲಿಗೆ ಹೋಗುವುದು

ಓದುವುದಕ್ಕೆ ದಾವಣಗೆರೆಯಲ್ಲಿ 1951ರ ಯುಬಿಡಿಟಿ, 1979ರ ಬಿಐಇಟಿ, ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ ಎಂಜಿನಿಯರಿಂಗ್ ಕಾಲೇಜುಗಳು ಇವೆ. ಕೈಕೆಲಸಕ್ಕೆ ಹರಿಹರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಿ, ಟೂಲ್ ರೂಮ್ ಶಿಸ್ತು ಅಲ್ಲಿ ಸಿಗುತ್ತದೆ. ಐಐಟಿ ಮೇಷ್ಟರುಗಳ ಪಾಠ ಎನ್‌ಪಿಟೆಲ್ ವೆಬ್‌ಸೈಟ್‌ನಲ್ಲಿ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಮುಂದೆ ಓದುವವರಿಗೆ ಗೇಟ್ ಪ್ರವೇಶ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಮತ್ತು ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪೇಪರ್ ಇದೆ.

ಕೆಲಸದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ, ದೊಡ್ಡ ಅವಕಾಶಗಳು ನಮ್ಮೂರಲ್ಲಿ ಕಡಿಮೆ. ಹತ್ತಿಗಿರಣಿಗಳ ಕಾಲ ಮುಗಿದುಹೋಗಿದೆ. ಆದರೆ ಹೆದ್ದಾರಿ ಹಿಡಿದು ಒಂದು ಕಡೆ ಹೋದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಇನ್ನೊಂದು ಕಡೆ ತುಮಕೂರು, ಪೀಣ್ಯ, ಬಿಡದಿ. ಶಿವಮೊಗ್ಗದ ಫೌಂಡ್ರಿಗಳೂ ದೂರವಲ್ಲ.

ಡಿಗ್ರಿ ಅಥವಾ ಡಿಪ್ಲೊಮಾ ಮುಗಿದ ತಕ್ಷಣ ಕೆಲಸ ಸಿಗದಿದ್ದರೆ ಕೇಂದ್ರ ಸರ್ಕಾರದ ನ್ಯಾಟ್ಸ್ ಅಪ್ರೆಂಟಿಸ್‌ಶಿಪ್‌ಗೆ ಹೆಸರು ನೋಂದಾಯಿಸಿ. ಒಂದು ವರ್ಷ ಕಾರ್ಖಾನೆಯೊಳಗೆ ಇರಲು ಸಿಗುತ್ತದೆ, ಸ್ಟೈಪೆಂಡ್ ಬರುತ್ತದೆ. ಸೇರುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವ ವಿಭಾಗದಲ್ಲಿ ಹಾಕುತ್ತೀರಿ, ಎಷ್ಟು ತಿಂಗಳಿಗೆ ವಿಭಾಗ ಬದಲಾಗುತ್ತದೆ, ಯಾರ ಕೈಕೆಳಗೆ ಕೆಲಸ? ವರ್ಷವಿಡೀ ಪ್ಯಾಕಿಂಗ್‌ನಲ್ಲೇ ನಿಲ್ಲಿಸುವ ಕಡೆಗಿಂತ, ಸ್ಟೈಪೆಂಡ್ ಸ್ವಲ್ಪ ಕಡಿಮೆಯಾದರೂ ಶಾಪ್ ಫ್ಲೋರ್ ಸುತ್ತಿಸುವ ಕಡೆಗೇ ಹೋಗಿ.

ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟ್ ಫೈಲಿನ ಮೇಲೆ ನಾಲ್ಕು ಹಾಳೆ ಇರಲಿ: ಪಿನ್‌ನ ಡ್ರಾಯಿಂಗ್, ಸಮಯದ ಚೀಟಿ, ಪ್ಯಾರೆಟೋ, ಖರ್ಚಿನ ಲೆಕ್ಕ. "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದ ತಕ್ಷಣ ಮೊದಲ ಹಾಳೆ ಮುಂದೆ ಇಡಿ. ಅವರು ಪ್ರಶ್ನೆ ಶುರು ಮಾಡುವುದು ಬಹುಶಃ ಟಾಲರೆನ್ಸ್‌ನಿಂದಲೇ.